ಇನ್ನೂ ಹಸಿ ಇದೆ, ಮುಟ್ಟಬೇಡ

ಬೇಡ ಬೇಡ, ಆ ಪರದೆ ಸರಿಸಬೇಡ. ಧೂಳು ಒಳಗೆ ಹೋಗುತ್ತೆ. ಹಸಿ ಬಣ್ಣದ ಮೇಲೆ ಧೂಳು ಕೂತ್ರೆ ಮುಗೀತು, ಮತ್ತೆ ಉಜ್ಜಿ, ಮತ್ತೆ ಮೊದಲಿಂದ... ಕೂತ್ಕೋ ಬಾ. ಸ್ಟೂಲ್ ಮೇಲಲ್ಲ, ಅಲ್ಲಿ ಯಾರದೋ ಸೈಕಲ್ಲಿನ ಮಡ್‌ಗಾರ್ಡ್ ಒಣಗ್ತಿದೆ. ಈ ಡಬ್ಬದ ಮೇಲೆ ಕೂತ್ಕೋ. ನಿನ್ನ ಏರ್‌ಗನ್ ಆಗಿಲ್ಲ ಕಣಮ್ಮ. ನಾಳೆ ಬೆಳಿಗ್ಗೆ ಆಯ್ಕೆ ಪಂದ್ಯ ಅಂತ ನಂಗೂ ಗೊತ್ತು. ಸೋದರಮಾವ ಅನ್ನೋನಿಗೆ ಅಷ್ಟೂ ಗೊತ್ತಿರಲ್ವಾ? ಆದ್ರೆ ಬಣ್ಣಕ್ಕೆ ಗೊತ್ತಿಲ್ವಲ್ಲ. ನಾಲ್ಕು ದಿನದಿಂದ ಬರೀ ಮೋಡ. ಈ ತೇವಕ್ಕೆ ಯಾವ ಬಣ್ಣ ತಾನೇ ಒಣಗುತ್ತೆ ಹೇಳು.

ಮುಖ ಗಂಟು ಹಾಕ್ಕೋಬೇಡ. ಬಾಳಿಕೆ ಬರೋ ಬಣ್ಣ ಬೇಕು ಅಂದೋಳು ನೀನೇ. ಅಲ್ಲ... ನೀನೆಲ್ಲಿ ಅಂದೆ? ಯಾವುದು ಹೊಡೀಲಿ ಮಾವ ಅಂತ ಒಂದು ಮಾತು ಕೇಳಿದ್ಯಾ? ಸೀದಾ ಒಂದು ಸ್ಪ್ರೇ ಡಬ್ಬ ತಂದು ನನ್ನ ಮುಂದೆ ಕುಕ್ಕಿದೆ. "ಕೋಚ್ ಕೊಟ್ಟಿದಾರೆ, ಇದನ್ನೇ ಹೊಡೀಬೇಕಂತೆ." ಹೊಡೀಬೇಕಂತೆ! ಜೀವಮಾನ ಎಲ್ಲ ಕಬ್ಬಿಣಕ್ಕೆ ಬಣ್ಣ ಬಳಿದೋನಿಗೆ, ಬಣ್ಣ ಯಾವುದು ಅಂತ ಅವನು ಹೇಳಿ ಕಳಿಸ್ತಾನೆ.

ಅದೇನು ಬಣ್ಣ ಗೊತ್ತಾ? ಬೈಕಿನ ಸೈಲೆನ್ಸರಿಗೆ ಹೊಡಿಯೋದು. ಯಾಕಂತೆ? ಬಂದೂಕು ಕಾದು ಬಿಸಿಯಾಗುತ್ತಂತೆ. ಅಯ್ಯೋ ಪುಣ್ಯಾತ್ಮ, ಏರ್‌ಗನ್ನಲ್ಲಿ ಮದ್ದಿದೆಯಾ, ಬೆಂಕಿ ಇದೆಯಾ? ಇರೋದು ಗಾಳಿ. ಗಾಳಿ ಬಿಟ್ಟಿದ್ದಕ್ಕೆ ನಳಿಗೆ ಕಾಯೋದಾದ್ರೆ ಅವನ ಬಾಯಿ ಯಾವತ್ತೋ ಸುಟ್ಟು ಹೋಗ್ಬೇಕಿತ್ತು.

ಹಾಂ, ನಕ್ಕೆ ನೋಡು. ನಗು, ನಗು. ನಗೋ ಮಾತೇ ಅದು. ಆ ಬಣ್ಣ ಬಿಸಿ ತಿಂದ್ರೇನೇ ಗಟ್ಟಿಯಾಗೋದು ಕಣೇ. ಬಿಸೀನೇ ಆಗದ ಗನ್ನಿಗೆ ಹೊಡೆದ್ರೆ ಎಣ್ಣೆ ಬಟ್ಟೇಲಿ ಒರೆಸಿದ ಕೂಡ್ಲೆ ಏಳುತ್ತೆ. ಗುರಿ ಹಿಡಿದು ಎದ್ರೆ ನಿನ್ನ ಕೆನ್ನೆ ಮಸಿ. ಅಂಗಡೀಲಿ ಸಿಗೋ ಮಾಮೂಲಿ ಕಪ್ಪು ಸ್ಪ್ರೇನೂ ಅಷ್ಟೇ, ಇವತ್ತು ಮಿರಮಿರ, ನಾಳೆ ಚಕ್ಕೆ ಚಕ್ಕೆ. ನಾನು ಹಾಕಿದ್ದು ಎರಡು ಡಬ್ಬದ್ದು, ಎಪಾಕ್ಸಿ. ಒಂದ್ರಲ್ಲಿ ಬಣ್ಣ, ಇನ್ನೊಂದ್ರಲ್ಲಿ ಅದನ್ನ ಗಟ್ಟಿ ಮಾಡೋ ದ್ರಾವಣ. ಬೆರೆಸಿ ಹೊಡೆದ್ರೆ ಎಣ್ಣೆಗೂ ಜಗ್ಗಲ್ಲ, ಬೆವರಿಗೂ ಜಗ್ಗಲ್ಲ. ಆದ್ರೆ ಗಟ್ಟಿ ಇರೋದು ನಿಧಾನ. ಅದು ಮಾಗ್ಬೇಕು. ಅವಸರ ಮಾಡಿದ್ರೆ ಆಗಲ್ಲ.

ತುಕ್ಕು ತೆಗೆಯೋಕೆ ಕೂತೆನಲ್ಲ, ಒಂದು ವಿಷಯ ಹೇಳ್ಲಾ? ನಿನ್ನ ಅಂಗೈ ಬೆವರು ಕಬ್ಬಿಣ ತಿನ್ನುತ್ತೆ, ಅದು ಹಳೇ ಕತೆ. ಮೊದಲು ತುಕ್ಕು ಬೀಳ್ತಿದ್ದದ್ದು ಟ್ರಿಗರ್ ಸುತ್ತ ಒಂಚೂರು. ಈಗ ನೋಡಿದ್ರೆ ಎಡಗೈ ಊರೋ ಜಾಗದಲ್ಲಿ ಐದು ಬೆರಳೂ ಎದ್ದು ಕಾಣ್ತಿತ್ತು. ಇಷ್ಟು ಬಿಗಿ ಹಿಡಿಯೋಕೆ ಯಾವಾಗಿಂದ ಶುರು ಮಾಡಿದೆ? ನಾನು ಹಾಗೆ ಕಲಿಸಿರ್ಲಿಲ್ಲ. ಗನ್ ಕೈಮೇಲೆ ಮಲಗಿರ್ಬೇಕು, ನೀನು ಅದರ ಕತ್ತು ಹಿಸುಕಬಾರ್ದು ಅಂತ ಎಷ್ಟು ಸಲ ಹೇಳಿಲ್ಲ. ಅವನು ಅದನ್ನ ನೋಡಿದಾನಾ? ಕೇಳು ಹೋಗಿ.

ಓ... ಹಾರ್ನ್. ಕರ್ಕೊಂಡೇ ಬಂದಿದೀಯಾ ನಿಮ್ಮ ಕೂಲಿಂಗ್ ಗ್ಲಾಸ್ ಕೋಚನ್ನ? ಹೊಡೀಲಿ ಬಿಡು. ಕಾರಿಳಿದು ಒಳಗೆ ಬಂದ್ರೆ ಬಿಳಿ ಪ್ಯಾಂಟಿಗೆ ಬಣ್ಣ ಮೆತ್ತುತ್ತೆ, ಪಾಪ.

ಹೊಟ್ಟೆಕಿಚ್ಚಾ? ನಂಗಾ? ಯಾರು ಹೇಳಿದ್ದು, ನಿಮ್ಮಮ್ಮನಾ? ಅಕ್ಕನಿಗೆ ನನ್ನ ಬಗ್ಗೆ ಮಾತಾಡದಿದ್ರೆ ಊಟ ಸೇರಲ್ಲ. ನೀನೇ ಹೇಳು, ಈ ಶೆಡ್ಡಿನ ಹಿಂದಿನ ಓಣೀಲಿ ಹಲಗೆ ನಿಲ್ಲಿಸಿ, ಬಾಟ್ಲಿ ಮುಚ್ಚಳ ಅಂಟಿಸಿ ನಿನಗೆ ಗುರಿ ಕಲಿಸಿದ್ದು ಯಾರು? ಮೊಣಕೈ ನಡುಗಿದ್ರೆ ಕೆಳಗೆ ನನ್ನ ಭುಜ ಕೊಡ್ತಿದ್ದೆ. ಪಕ್ಕದ ಗ್ಯಾರೇಜಿನವರು ನಗೋರು. ಆಮೇಲೆ ಪೇಪರಿನವರು ಬಂದ್ರೆ ನೀನೇನಂದೆ? "ನಮ್ಮ ಕೋಚ್ ಇಲ್ದಿದ್ರೆ ನಾನಿಲ್ಲ." ನಿಮ್ಮತ್ತೆ ಗಟ್ಟಿಯಾಗಿ ಓದಿದ್ಲು. ಅವಳು ತಪ್ಪು ಓದಿದ್ಲೇನೋ ಅಂತ ಇಸ್ಕೊಂಡು ನಾನೇ ಓದಿದೆ. ಹೌದು ಕಣೇ, ಉರೀತು. ಅನ್ನದ ಮುಂದೆ ಕೂತು ಎದ್ದುಬಿಟ್ಟೆ. ಮಾವ ಅಂತ ಒಂದು ಪದ... ಎರಡಕ್ಷರ, ಎಷ್ಟು ಜಾಗ ತಿಂತಿತ್ತು?

ಏಯ್, ಎಲ್ಲಿಗೆ ಎದ್ದೆ? ಪರದೆ ಅಂದೆನಲ್ಲ. ನಿಲ್ಲು... ಅಲ್ಲೇ ನಿಂತು ನೋಡು ಬೇಕಾದ್ರೆ, ಭಾಗ ಭಾಗ ಬಿಚ್ಚಿ ತಂತಿಗೆ ನೇತುಹಾಕಿದೀನಿ ಎಲ್ಲಾನೂ. ಮುಟ್ಟಬೇಡ. ಇನ್ನೂ ಹಸಿ ಇದೆ, ಬೆರಳಚ್ಚು ಬೀಳುತ್ತೆ. ಮಗೂ, ಬಿಡು ಅದನ್ನ. ನಳಿಗೆ ಕೆಳಗಿಳಿಸ್ಬೇಡ. ಮುಷ್ಟಿ ತುಂಬ ಹಿಡ್ಕೊಂಡುಬಿಟ್ಯಲ್ಲೇ...

ಕೈ ತೋರಿಸ್ಬೇಡ. ಕಾಣ್ತಿದೆ ನಂಗೆ. ಏನೂ ಅಂಟಿಲ್ಲ.

ಮೇಲುಮೇಲೆ ಒಣಗಿರುತ್ತೆ ಅಷ್ಟೆ, ಒಳಗೆ ಇನ್ನೂ... ಉಗುರಲ್ಲಿ ಗೀರ್ತೀಯಾ? ಗೀರು. ಬರಲ್ಲ. ಚಾಕು ಬೇಕಾದ್ರೆ ಕೊಡ್ತೀನಿ, ಅದಕ್ಕೂ ಬರಲ್ಲ. ಕಳಪೆ ಕೆಲಸ ಮಾಡೋಣ ಅಂತ ಕೂತ್ರೂ ನನ್ನ ಕೈ ಕೇಳಲ್ಲ. ತೆಳ್ಳಗೆ ಮೂರು ಪದರ, ಒಳಗೆ ಜಾರೋ ಭಾಗಕ್ಕೆ ಒಂದು ಹನಿ ಬಿದ್ದಿಲ್ಲ, ನಳಿಗೆ ಬಾಯಿಗೆ ಬಿರಡೆ ಕೊಟ್ಟು... ಯಾವತ್ತೋ ಆಗಿದೆ ಕಣೇ. ಯಾವತ್ತೋ.

ಬೈಯಮ್ಮ. ಬಾಯಿಗೆ ಬಂದಿದ್ದು ಬೈದುಬಿಡು. ಇವಳು ಕ್ಲಬ್ಬಿನ ಗನ್ನಲ್ಲಿ ಹೊಡೀಲಿ ನಾಳೆ, ಆ ಸಡಿಲ ಟ್ರಿಗರಿಗೆ ಗುರಿ ತಪ್ಪಲಿ, ಅವನ ಮುಖ ಸಪ್ಪಗಾಗ್ಲಿ ಅಂತ... ಅವನು ಸೋಲ್ತಾನೆ ಅಂತಾನೇ ಲೆಕ್ಕ ಹಾಕಿದ್ದೆ. ಅಲ್ಲಿ ನಿಂತು ಸೋಲೋಳು ನೀನು ಅಂತ... ಅದು ತಲೇಗೇ ಬಂದಿರ್ಲಿಲ್ಲ. ಬಂದಿತ್ತೋ ಏನೋ.

ಕೊಡು, ನಾನು ಜೋಡಿಸಿಕೊಡ್ತೀನಿ. ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ. ಕೊಡಲ್ವಾ? ಸರಿ, ನೀನೇ ಮಾಡು. ಆ ಸ್ಕ್ರೂಡ್ರೈವರ್ ಅಲ್ಲ, ಪಕ್ಕದ್ದು. ಮೊದಲು ಆ ಕೀಲು ಕೂರಿಸು... ಕೂರಿಸ್ದೆ ಆಗ್ಲೇ. ಸ್ಕ್ರೂ ಅಷ್ಟು ಬಿಗಿ ಬೇಡ. ಹೂಂ, ಅಷ್ಟೇ. ಮರೆತಿಲ್ಲ ನೀನು.

ಆಯ್ತಾ? ಚೀಲಕ್ಕೂ ಹಾಕಿಬಿಟ್ಯಾ? ಎತ್ತಿ ಹಿಡಿದು ನಂಗೊಂದು ಸಲ ತೋರಿಸ್ತೀಯ ಅಂದ್ಕೊಂಡೆ.

ಹೇ, ಕೇಳಿಲ್ಲಿ. ನಾಳೆ ನಾನೂ ಬರ್ಲಾ? ಹಿಂದೆ ಎಲ್ಲೋ ನಿಂತಿರ್ತೀನಿ. ಅವನ ಕಣ್ಣಿಗೆ ಬೀಳಲ್ಲ, ಒಂದು ಮಾತೂ ಆಡಲ್ಲ. ಬರ್ಲಾ ಅಂತ ಕೇಳಿದೆ... ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಹಾಗೇ ಹೋಗ್ಬೇಡ. ಎಷ್ಟು ಹೊತ್ತಿಗೆ ಶುರು ಅಂತಾದ್ರೂ ಹೇಳಿ ಹೋಗೇ.