ಕ್ಷಮಾಪಣೆಗೆ ದಪ್ಪಕ್ಷರ

ಗೃಹಪ್ರವೇಶದ ಕಾರ್ಡಿಗಾಗಿ ಅಕ್ಷತಾ ಅರಸೀಕೆರೆಯ ಪ್ರೆಸ್ಸೊಂದರಲ್ಲಿ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಗಂಡಸಿ ಕಡೆಯ ಹಳ್ಳಿಯೊಂದರ ಹಾಲಿನ ಡೈರಿ ಕಾರ್ಯದರ್ಶಿ ದೇವೀರಪ್ಪ, ಅದೇ ಊರಿನ ಸಣ್ಣತಾಯಮ್ಮನಿಗೆ ಹಾಳೆಯೊಂದನ್ನು ಓದಿ ಹೇಳುತ್ತಿದ್ದರು.

“‘ಸಣ್ಣತಾಯಮ್ಮ ಹಾಲಿಗೆ ನೀರು ಬೆರೆಸಿಲ್ಲ, ತಪ್ಪು ನಮ್ಮದು.’ ಸರಿನಾ?”

“ಇಷ್ಟು ಸಣ್ಣ ಅಕ್ಷರಾನಾ ಸೆಕ್ರೆಟ್ರಿಯೋರೇ? ಅವತ್ತು ನೀರು ಬೆರೆಸಿದೀನಿ ಅಂತ ನೀವು ಡೈರಿ ಗೋಡೆಗೆ ಹಾಕ್ಸಿದ್ದ ನೋಟೀಸು ರೋಡಿಗೇ ಕಾಣ್ತಿತ್ತು.”

“ಅದು ಹಳೇ ಅಚ್ಚಿನ ದಪ್ಪಕ್ಷರ. ಲಗ್ನಪತ್ರಿಕೆಗೆ, ಅಂಗಡಿ ಬೋರ್ಡಿಗೆ ಹಾಕ್ತಾರೆ. ಕ್ಷಮಾಪಣೆಗೆ ಯಾರೂ ಹಾಕ್ಸಲ್ಲ ಕಣಮ್ಮ.”

“ಅದ್ಕೇ ಜನ ನಂಬಿದ್ದು. ಒಂದೊಂದಕ್ಷರನೂ ಪಾದ ಊರ್ಕಂಡು ನಿಂತಿತ್ತು, ಸಾಕ್ಷಿ ಹೇಳೋರ ಹಂಗೆ. ಇದು ನೀವು ಕಿವೀಲಿ ಪಿಸುಗುಟ್ಟಿದಂಗೈತೆ.”

ದೇವೀರಪ್ಪ ತಲೆ ತಗ್ಗಿಸಿದರು. ಕೇಳಬಾರದ್ದನ್ನು ಕೇಳಿದಂತಾಗಿ ಅಕ್ಷತಾ ಫೋನಿನತ್ತ ಕಣ್ಣು ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು.

“ಹಾಲು ನೋಡೋ ಮಿಷನ್ನೇ ಕೆಟ್ಟಿತ್ತು ಅಂತ ಆಗ್ಲೇ ಗೊತ್ತಾಗಿತ್ತು. ಹೇಳಕ್ಕೆ ನಾಚ್ಕೆ ಆಯ್ತು.”

“ನಾಚ್ಕೆ ನಮ್ಮನೇಲೂ ಇತ್ತು. ಮೊಮ್ಮಗಳು ಇಸ್ಕೂಲಿಗೇ ಹೋಗಲ್ಲ ಅಂತ ಕುಂತ್ಲು.”

ದೇವೀರಪ್ಪ ಎದ್ದು ಹೋಗಿ, ಅದೇ ದಪ್ಪಕ್ಷರ ಹಾಕಿ, ಕೆಳಗೆ ತಮ್ಮ ಹೆಸರನ್ನೂ ಅದರಲ್ಲೇ ಸೇರಿಸಲು ಪ್ರೆಸ್ಸಿನವರಿಗೆ ಹೇಳಿದರು. ಹೊಸ ಹಾಳೆ ಬಂದಾಗ ಅವರ ಮುಖ ಕೆಂಪಗಾಗಿತ್ತು.

“ಮಧ್ಯಾಹ್ನ ಡೈರಿ ಹತ್ರ ಯಾರೂ ಇರಲ್ಲ. ಅಂಟಿಸಿಬಿಡ್ತೀನಿ.”

“ಬ್ಯಾಡಿ. ಸಂಜೆ ಹಾಲು ಹಾಕಕ್ಕೆ ಎಲ್ರೂ ಸಾಲಾಗಿ ನಿಂತಿರ್ತಾರಲ್ಲ, ಆಗ ಅಂಟಿಸಿ. ನಾನೂ ಕ್ಯಾನು ಹಿಡ್ಕಂಡು ಬತ್ತೀನಿ.”

ದೇವೀರಪ್ಪ ಹಾಳೆಯನ್ನು ಸುತ್ತಿಕೊಂಡರು. ಸಣ್ಣತಾಯಮ್ಮ ಮುಂದೆ, ಅವರು ಹಿಂದೆ, ಇಬ್ಬರೂ ಗಂಡಸಿ ಬಸ್ಸಿಗೆ ಹೊರಟರು.