ಮರಳಿಗೊಂದು ಸಹಿ

ಅಲ್ಲ ಟೀಚರ್, ನಾನೇನು ನಿಮ್ಮ ಮನೆ ಬರೆಸಿಕೊಳ್ಳೋಕೆ ಬಂದಿಲ್ಲ. ಒಂದು ಸಹಿ, ಅಷ್ಟೇ. ಹೀಗೆ ಬಾಗಿಲಲ್ಲೇ ನಿಂತರೆ ಹೇಗೆ... ಕೂತ್ಕೊಳ್ಳಿ. ನಿಮ್ಮ ಮನೇಲಿ ನಿಮಗೇ ಕೂತ್ಕೊಳ್ಳಿ ಅಂತಿದೀನಿ ನೋಡಿ. ನಗಬೇಡಿ. ತಿಂಗಳಿಂದ ಈ ಫೈಲು ಹಿಡ್ಕೊಂಡು ಸುತ್ತಿ ಸುತ್ತಿ ತಲೆ ಕೆಟ್ಟುಹೋಗಿದೆ.

ಕಿಟಕಿಯಿಂದ ನೀವೇ ನೋಡಿ. ನಾನು ನಿಮ್ಮ ಹತ್ತಿರ ಓದ್ತಿದ್ದಾಗ ಇಲ್ಲಿಂದ ನೀರಿಗೆ ಇನ್ನೂರು ಹೆಜ್ಜೆ ಇತ್ತು. ಓಡಿದರೆ ಅಂಗಾಲು ಸುಡೋದು. ಈಗ? ಹಿತ್ತಿಲ ಗೋಡೆ ಹೋಯ್ತು, ಬಟ್ಟೆ ಒಗೆಯೋ ಕಲ್ಲು ಹೋಯ್ತು, ಬಾವಿ ಉಪ್ಪಾಯ್ತು. ಇನ್ನೊಂದು ಸಲ ಸಮುದ್ರ ಉಕ್ಕಿದರೆ ಅಡುಗೆಮನೆ. ಹೆದರಿಸ್ತಿಲ್ಲ ಟೀಚರ್. ಟೇಪು ಹಿಡಿದು ಅಳೆದವನು ನಾನೇ. ಹನ್ನೊಂದು ಅಡಿ ಉಳಿದಿದೆ.

ದೂರದಲ್ಲಿ ಹಡಗು ಕಾಣ್ತಿದೆಯಾ? ಅದು ಸಮುದ್ರದ ತಳದಿಂದ ಮರಳು ಹೀರಿ, ಪೈಪಲ್ಲಿ ತಂದು ನಮ್ಮ ದಡಕ್ಕೆ ಸುರಿಯತ್ತೆ. ಆದರೆ ದಡ ಸರ್ಕಾರದ್ದಲ್ಲವಲ್ಲ, ಮೂವತ್ತೆರಡು ಮನೆಯವರ ಹಿತ್ತಿಲು. ಒಬ್ಬರು ಬೇಡ ಅಂದರೂ ಅಲ್ಲಿ ಮರಳು ಹಾಕೋ ಹಾಗಿಲ್ಲ. ಹಲ್ಲು ಬಿದ್ದ ಬಾಯಿ ಥರ ಆಗತ್ತೆ. ಅಲೆ ಅಲ್ಲಿಂದ ನುಗ್ಗಿ ಆಚೀಚೆ ಸುರಿದಿದ್ದನ್ನೂ ಎಳ್ಕೊಂಡು ಹೋಗತ್ತೆ. ಸೋಮವಾರದೊಳಗೆ ಎಲ್ಲರ ಸಹಿ ಆಗಲಿಲ್ಲ ಅಂದರೆ ಹಡಗು ಬೇರೆ ಊರಿಗೆ.

ಮಿಕ್ಕವರೆಲ್ಲ ಹಾಕಿದಾರೆ. ನಿಮ್ಮದೊಂದೇ ಬಾಕಿ. ಬೇಕರಿಯವರು ಓದೋದೂ ಬೇಡ ಅಂದರು, "ನೀನು ಹೇಳಿದ ಮೇಲೆ ಮುಗೀತು" ಅಂತ. ದೋಣಿ ರಿಪೇರಿ ಮಾಡೋ ತಾತನಿಗೆ ಕಣ್ಣು ಕಾಣಲ್ಲ, ನಾನೇ ಬೆರಳು ಹಿಡಿದು ಜಾಗ ತೋರಿಸಿದೆ. ಆರು ತಿಂಗಳು ಕೆಲಸ, ಆಮೇಲೆ ನಿಮ್ಮ ಜಾಗ ನಿಮಗೆ ಅಂದೆ.

ಕನ್ನಡಕ ಯಾಕೆ ಈಗ? ಸಹಿ ಕೊನೇ ಪುಟದಲ್ಲಿ... ಅದೆಲ್ಲ ಕಾನೂನಿನ ಭಾಷೆ ಟೀಚರ್, ಓದಿ ಏನು ಮಾಡ್ತೀರಿ. ನಾಲ್ಕನೇ ಪುಟ ಬಿಡಿ. ಮುಂದಕ್ಕೆ ತಿರುಗಿಸಿ.

ಯಾಕೆ, ಏನಿದೆ ಅಲ್ಲಿ?

ನಾನು ಓದಬೇಕಾ? ಜೋರಾಗಿ?

"...ಸದರಿ ಮರಳಿನ ಮೇಲೆ ಸಾರ್ವಜನಿಕರಿಗೆ ಶಾಶ್ವತವಾಗಿ... ಓಡಾಡುವ ಹಕ್ಕು..."

ಹೌದು. ಶಾಶ್ವತವಾಗಿ ಅಂತಿದೆ. ನಾನು ಹೇಳಿದ ಆರು ತಿಂಗಳು ಕೆಲಸಕ್ಕೆ ಮಾತ್ರ. ಜನರ ದುಡ್ಡಲ್ಲಿ ಹಾಕಿದ ಮರಳು, ಜನ ಬರಬೇಡಿ ಅನ್ನೋಕಾಗತ್ತಾ? ತಪ್ಪೇನಿಲ್ಲ ಅದರಲ್ಲಿ. ಆದರೆ ಮೊದಲನೇ ಮನೇಲೇ ಇದನ್ನ ಓದಿದ ತಕ್ಷಣ ಬಾಗಿಲು ಹಾಕಿದರು. ವಾರ ಬಿಟ್ಟು ಮತ್ತೆ ಹೋದೆ. ಆ ಸಾಲು ಓದಲಿಲ್ಲ, ಆರೇ ತಿಂಗಳು ಅಂದೆ. ಸಹಿ ಹಾಕಿದರು. ಆಮೇಲೆ ಯಾರ ಮನೇಲೂ ಓದಲಿಲ್ಲ.

ಹಾಗೆ ನೋಡಬೇಡಿ. ಬೈಯಿರಿ ಬೇಕಾದರೆ.

ಪಟ್ಟೀಲಿ ಏನು ಹುಡುಕ್ತಿದೀರಿ? ಎಲ್ಲರದ್ದೂ ಇದೆ ಅಂದೆನಲ್ಲ... ಹತ್ತೊಂಬತ್ತನೇ ಮನೆ ಸಾಲಾ? ಹೌದು, ಖಾಲಿ ಇದೆ.

ನಮ್ಮ ಮನೆ ಅದು.

ಮನೆ ನನ್ನ ಹೆಂಡತಿ ಹೆಸರಲ್ಲಿದೆ, ಅವಳ ಅಮ್ಮ ಕೊಟ್ಟಿದ್ದು. ಮೂರು ವಾರದಿಂದ ಕೇಳ್ತಿದೀನಿ. ಅವಳಿಗೆ ಓದಿ ಹೇಳಿದೆ, ಹೆಂಡತಿಗೆ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಕೇಳಿದಳು, "ಮಿಕ್ಕವರಿಗೂ ಹೀಗೇ ಓದಿದ್ರಾ?" ಅಂತ. ನಾನು ಫೈಲು ಮುಚ್ಚಿದೆ. ಅವಳು ಪೆನ್ನು ಕೆಳಗಿಟ್ಟಳು. ಅವತ್ತಿಂದ ಊಟ ಬಡಿಸಿಟ್ಟು ಒಳಗೆ ಹೋಗಿಬಿಡ್ತಾಳೆ.

ನಿಮ್ಮದಾದರೂ ಸಿಕ್ಕರೆ ಅದನ್ನ ತೋರಿಸಿ ಅವಳನ್ನ ಒಪ್ಪಿಸಬಹುದು ಅಂದ್ಕೊಂಡೆ. ನಿಮ್ಮ ಮಾತು ಅಂದರೆ ಅವಳಿಗೆ ಗೌರವ. ಅದಕ್ಕೇ ಇಲ್ಲಿಗೆ ಕೊನೆಗೆ ಬಂದೆ.

ಈಗ ಹಾಕಿ ಅನ್ನೋಕೂ ಆಗ್ತಿಲ್ಲ ನನಗೆ, ಬೇಡ ಅನ್ನೋಕೂ ಆಗ್ತಿಲ್ಲ. ಹನ್ನೊಂದು ಅಡಿ ಟೀಚರ್.

ಯಾಕೆ ಎದ್ದಿರಿ? ಫೈಲು ಎಲ್ಲಿಗೆ... ಚಪ್ಪಲಿ ಯಾಕೆ? ಪಕ್ಕದ ಮನೆಗಾ?

ಬೇಡ. ಈಗ ಓದಿ ಹೇಳಿದರೆ ಎಲ್ಲರೂ ಸಹಿ ವಾಪಸ್ ತಗೋತಾರೆ. ಹಡಗು ಹೋಗತ್ತೆ. ನಿಮ್ಮ ಮನೆ ಹೋಗತ್ತೆ, ನಮ್ಮದೂ ಹೋಗತ್ತೆ. ಸೋಮವಾರ ಆದ ಮೇಲೆ ನಾನೇ ಹೇಳ್ತೀನಿ, ಆಣೆ...

ಕೇಳಿಸ್ಕೊಳ್ಳಿ ಟೀಚರ್.

ನಿಲ್ಲಿ. ಆ ಮೆಟ್ಟಿಲು ಕುಸಿದಿದೆ, ಬೀಳ್ತೀರಿ. ಕೈ ಕೊಡಿ. ಮೊದಲು ದೋಣಿ ತಾತನ ಮನೆಗೆ ಹೋಗೋಣ. ಅವರಿಗೆ ನಾನೇ ಓದ್ತೀನಿ.