ಪಕ್ಕದಲ್ಲಿ ಕೂತು ಕಲಿಸಿದವರು

ಆಸ್ಪತ್ರೆಯ ಬೆಂಚಿನ ಮೇಲೆ ಔಷಧಿ ಚೀಟಿ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದವರ ಮಾತು ಬಿತ್ತು. ಒಬ್ಬ ಪಿಟೀಲು ನುಡಿಸುವವನು. ಇನ್ನೊಬ್ಬಳು ಬೆಳಿಗ್ಗೆಯಷ್ಟೇ ತಂದೆಯನ್ನು ಕಳೆದುಕೊಂಡವಳು.

“ನಿಮಗೆ ಪಾಠ ಹೇಳೇ ಇಲ್ಲ ಅಂತಿದ್ರು ಅಪ್ಪ.”

“ಹಾಗೇ ಅನ್ನೋರು ಅಕ್ಕಾ. ಒಂದೇ ಮೇಳದಲ್ಲಿ ಅಕ್ಕಪಕ್ಕ ಕೂರ್ತಿದ್ವಲ್ಲ. ಮೊದಲನೇ ಕಾರ್ಯಕ್ರಮದಲ್ಲೇ ನನ್ನ ತಂತಿ ಕಿತ್ತುಹೋಯ್ತು. ತಮ್ಮ ಪಿಟೀಲನ್ನ ನನ್ನ ಕೈಗಿಟ್ಟು ಸುಮ್ನೆ ಕೂತ್ಬಿಟ್ರು. ನಾನು ಕಲ್ತಿದ್ದೆಲ್ಲ ಆಮೇಲೆ, ಅವರ ಕೈ ನೋಡ್ಕೊಂಡೇ.”

“ನಿನ್ನೆ ದಿನವಿಡೀ ಬಾಗಿಲ ಕಡೆ ನೋಡ್ತಿದ್ರು. ಯಾಕೆ ಬರ್ಲಿಲ್ಲ?”

ಅವನು ತಲೆ ತಗ್ಗಿಸಿದ.

“ಅವರು ತಿದ್ದಿಕೊಟ್ಟ ಕೀರ್ತನೆಯ ಸಾಲು ಇನ್ನೂ ಕೈಗೆ ಕೂತಿರ್ಲಿಲ್ಲ. ಸರಿ ಮಾಡ್ಕೊಂಡು ಇವತ್ತು ನುಡಿಸಿ ತೋರಿಸೋಣ ಅಂತಿದ್ದೆ.”

“ಹೇಗೆ ನುಡಿಸಿದ್ರೂ ಕೇಳ್ತಿದ್ರು ಅಪ್ಪ.”

“ಗೊತ್ತು ಅಕ್ಕಾ.”

ಶವಾಗಾರದವರು ಕರೆದರು. ಅವಳೇ ಮೊದಲು ಎದ್ದು, ಅವನ ತೋಳು ಹಿಡಿದು ಎಬ್ಬಿಸಿ ಕರೆದೊಯ್ದಳು.